ಗುಡ್ಡದ ಬಣ್ಣ ಮನೆಯ ಗೋಡೆಗೆ

ಬಳ್ಳಾರಿಯಲ್ಲಿ ಮನೆಗೆ ಬಣ್ಣ ಆರಿಸುವವರು ಶೇಡ್ ಕಾರ್ಡ್ ತೆಗೆಯುವ ಮುಂಚೆ ಒಂದು ಕೆಲಸ ಮಾಡಬೇಕು. ಬೇಸಿಗೆಯ ಮಧ್ಯಾಹ್ನ ತಮ್ಮ ಪಡಸಾಲೆಯಲ್ಲಿ ಸುಮ್ನೆ ಕೂತು, ಯಾವ ಗೋಡೆ ಕಡೆ ನೋಡಿದಾಗ ಕಣ್ಣು ತಾನಾಗಿ ಕಿರಿದಾಗುತ್ತದೆ ಅಂತ ಗಮನಿಸಬೇಕು. ನಮ್ಮ ಮನೆಯಲ್ಲಿ ಅದು ಪಶ್ಚಿಮದ ಕಿಟಕಿಗೆ ಎದುರಾಗಿದ್ದ ಗೋಡೆ. ಅಚ್ಚ ಬಿಳಿ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು ಎದುರು ಮನೆಯ ಕಾಂಪೌಂಡ್ ಮೇಲೆ ಬಿದ್ದು, ಅಲ್ಲಿಂದ ಕಿಟಕಿಯೊಳಗೆ ನುಗ್ಗಿ, ಈ ಗೋಡೆಗೆ ಬಡಿದು ಇಡೀ ಪಡಸಾಲೆ ತುಂಬ ಹರಡುತ್ತಿತ್ತು. ಅಮ್ಮ ಕುರ್ಚಿ ತಿರುಗಿಸಿಕೊಂಡು ಒಳಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದರು. "ಗೋಡಿ ಕಣ್ಣಿಗೆ ಚುಚ್ಚತೈತಿ" ಅಂತಿದ್ದರು.

ಅಮ್ಮನಿಗೆ ಆಗ ಎರಡೂ ಕಣ್ಣಲ್ಲಿ ಪೊರೆ ಬರುತ್ತಿತ್ತು. ಪೊರೆ ಇರುವ ಕಣ್ಣಿಗೆ ಜಾಸ್ತಿ ಬೆಳಕು ಹಿಂಸೆ, ಒಳಗೆ ಹೋದ ಬೆಳಕು ಮಂಜಾದ ಮಸೂರದಲ್ಲಿ ಚೆದುರಿ ಎಲ್ಲಾ ಕಡೆ ಹರಡಿಬಿಡುತ್ತದೆ. ಹಾಗಾಗಿ ಮನೆಯವರೆಲ್ಲ "ಆಪರೇಷನ್ ಆದ ಮೇಲೆ ಸರಿ ಹೋಗುತ್ತೆ" ಅನ್ನುತ್ತಿದ್ದರು. ಆಪರೇಷನ್ ಬೇಕಿತ್ತು, ನಿಜ. ಆದರೆ ಅಮ್ಮನ ದೂರು ಗೋಡೆಯ ಮೇಲೂ ಇತ್ತು, ಮತ್ತು ಆ ದೂರು ನ್ಯಾಯವಾಗಿತ್ತು. ಪೊರೆ ಇಲ್ಲದ ನನ್ನ ಕಣ್ಣಿಗೂ ಆ ಕೋಣೆಯಲ್ಲಿ ಮಧ್ಯಾಹ್ನ ಪುಸ್ತಕ ಹಿಡಿಯೋಕೆ ಆಗುತ್ತಿರಲಿಲ್ಲ.

ಬಣ್ಣದ ಕಂಪನಿಗಳು ಪ್ರತಿ ಶೇಡ್‌ಗೂ ಒಂದು ಅಂಕಿ ಇಟ್ಟಿರುತ್ತವೆ. ಲೈಟ್ ರಿಫ್ಲೆಕ್ಟೆನ್ಸ್ ವ್ಯಾಲ್ಯೂ, ಚಿಕ್ಕದಾಗಿ ಎಲ್‌ಆರ್‌ವಿ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ವಾಪಸ್ ಬರುತ್ತದೆ ಅನ್ನೋ ಲೆಕ್ಕ ಅದು. ಒಳ್ಳೆ ಬಿಳಿಗೆ 85ರ ಆಸುಪಾಸು ಇರುತ್ತದೆ. ಮಧ್ಯಮ ಗಾಢದ ಬೂದು ಬಣ್ಣಕ್ಕೆ 40ರ ಆಸುಪಾಸು. ಇದು ಅರ್ಧದಷ್ಟು ವ್ಯತ್ಯಾಸ ಅನಿಸಬಹುದು, ಆದರೆ ಬೆಳಕು ಒಂದೇ ಗೋಡೆಗೆ ಬಡಿದು ನಿಲ್ಲೋದಿಲ್ಲ ಅಲ್ವಾ, ಈ ಗೋಡೆಯಿಂದ ಆ ಗೋಡೆಗೆ, ಅಲ್ಲಿಂದ ಚಾವಣಿಗೆ, ಮತ್ತೆ ಕೆಳಗೆ ಅಂತ ಪುಟಿಯುತ್ತಲೇ ಇರುತ್ತದೆ. ಎರಡು ಸಲ ಪುಟಿದ ಮೇಲೆ ಬಿಳಿ ಕೋಣೆಯಲ್ಲಿ ನೂರಕ್ಕೆ 72 ಪಾಲು ಬೆಳಕು ಇನ್ನೂ ಉಳಿದಿರುತ್ತದೆ. ಬೂದು ಕೋಣೆಯಲ್ಲಿ 16 ಪಾಲು ಮಾತ್ರ. ಬಿಸಿಲೇ ಕಾಣದ ಚಳಿ ದೇಶದಲ್ಲಿ ಆ 72 ಪಾಲು ಬಂಗಾರ. ನಮ್ಮೂರಿನಲ್ಲಿ ಅದು ತಲೆನೋವು.

ಗೋಡೆ ಸ್ವಲ್ಪ ಗಾಢ ಆಗಬೇಕು ಅಂತ ತೀರ್ಮಾನ ಆಯಿತು. ಯಾವ ಬಣ್ಣ ಅನ್ನೋದಕ್ಕೆ ನಾನು ಜಾಸ್ತಿ ಹುಡುಕಾಡಲಿಲ್ಲ. ಬೂದು, ಆದರೆ ಒಳಗೆ ನೇರಳೆ ಇರುವ ಬೂದು. ಅದನ್ನು ನಾನು ದಿನಾ ನೋಡುತ್ತಿದ್ದೆ.

ನಮ್ಮ ಮನೆ ಬಳ್ಳಾರಿ ಗುಡ್ಡದ ಪೂರ್ವಕ್ಕಿದೆ. ಸಂಜೆ ಸೂರ್ಯ ಗುಡ್ಡದ ಹಿಂದೆ ಇಳಿದಾಗ ನಮಗೆ ಕಾಣುವ ಮುಖಕ್ಕೆ ನೇರ ಬಿಸಿಲು ಇರೋದಿಲ್ಲ, ಬರೀ ಆಕಾಶದ ಬೆಳಕು. ನಮ್ಮ ಕಡೆಯ ಗ್ರಾನೈಟ್ ಹತ್ತಿರದಿಂದ ನೋಡಿದರೆ ಪೂರ್ತಿ ಬೂದು ಅಲ್ಲ, ಅದರಲ್ಲಿ ತಿಳಿ ಗುಲಾಬಿ ಕಾಳುಗಳು ಇರುತ್ತವೆ. ಅದು ಫೆಲ್ಡ್‌ಸ್ಪಾರ್ ಅನ್ನೋ ಖನಿಜ. ಆ ಗುಲಾಬಿ ಕಾಳಿನ ಮೇಲೆ ಆಕಾಶದ ನೀಲಿ ಬೆಳಕು ಬಿದ್ದಾಗ ದೂರದಿಂದ ಎರಡೂ ಸೇರಿ ಒಂದು ಮಂದವಾದ ನೇರಳೆ ಆಗುತ್ತದೆ. ಹಗಲೆಲ್ಲ ಬಿಸಿಲಲ್ಲಿ ಕಾದು ಬೆಳ್ಳಗೆ ಕಾಣುವ ಬಂಡೆ, ಆರೂವರೆ ಹೊತ್ತಿಗೆ ಆ ಬಣ್ಣಕ್ಕೆ ಬರುತ್ತದೆ. ಅದೇ ಹೊತ್ತಿಗೆ ಜಳ ಇಳಿಯುತ್ತದೆ, ಜನ ಕಟ್ಟೆಗೆ ಬಂದು ಕೂರುತ್ತಾರೆ, ಕಣ್ಣು ಅಗಲ ಆಗುತ್ತದೆ. ಇಲ್ಲಿ ಹುಟ್ಟಿ ಬೆಳೆದವರಿಗೆ ಆ ಬಣ್ಣ ಮತ್ತು ತಂಪು ಒಟ್ಟೊಟ್ಟಿಗೇ ಬರುತ್ತವೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಯಾವುದೋ ಪತ್ರಿಕೆಯ ಚಿತ್ರ ನೋಡಿ ಆರಿಸಿದ ಬಣ್ಣಕ್ಕೆ ಈ ಬಲ ಎಲ್ಲಿಂದ ಬರಬೇಕು?

ಇನ್ನೊಂದು ಕಾರಣ ಧೂಳು. ಇದನ್ನು ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮುಂಚಿನ ವರ್ಷಗಳಲ್ಲಿ ಸಂಡೂರು, ಹೊಸಪೇಟೆ ರಸ್ತೆಗಳ ಪಕ್ಕದ ಬೇವಿನ ಮರಗಳೇ ಕೆಂಪಾಗಿದ್ದವು. ಈಗ ಅಷ್ಟಿಲ್ಲ, ಆದರೂ ಗಾಳಿ ಬೀಸಿದರೆ ಕಿಟಕಿ ಕಟ್ಟೆಯ ಮೇಲೆ ಬೆರಳಾಡಿಸಿದಾಗ ಕೆಂಪು ಹತ್ತುತ್ತದೆ, ಸುತ್ತಲಿನ ಹೊಲಗಳಿಂದ ಎರೆಮಣ್ಣಿನ ಕಪ್ಪು ಧೂಳೂ ಸೇರಿರುತ್ತದೆ. ಬಿಳಿ ಗೋಡೆ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಸ್ವಿಚ್‌ಬೋರ್ಡ್ ಸುತ್ತ, ಕಿಟಕಿ ಕೆಳಗೆ ಕೆಂಚಾಗಿಬಿಡುತ್ತದೆ. ಕೆಂಪೂ ಕಪ್ಪೂ ಎರಡೂ ಮೊದಲೇ ಬೆರೆತಿರುವ ಬಣ್ಣ ಗೋಡೆಯ ಮೇಲಿದ್ದರೆ ಈ ಧೂಳು ಅಷ್ಟಾಗಿ ಎದ್ದು ಕಾಣೋದಿಲ್ಲ.

ಈ ಧೂಳಿನ ಬಗ್ಗೆ ಓದುತ್ತಾ ಹೋದಾಗ ನನಗೆ ತುಂಬಾ ಖುಷಿ ಕೊಟ್ಟ ಒಂದು ವಿಷಯ ಸಿಕ್ಕಿತು. ನಮ್ಮ ಗಣಿಗಳ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಗಟ್ಟಿ ಹೆಂಟೆಯಾಗಿದ್ದಾಗ ಅದು ಉಕ್ಕಿನ ಬೂದು ಬಣ್ಣ. ಪುಡಿ ಮಾಡಿದರೆ ಕೆಂಪು. ಅದೇ ಆಕ್ಸೈಡನ್ನು ಬಣ್ಣದ ಪುಡಿಯಾಗಿ ತಯಾರಿಸುವಾಗ ಕಣಗಳು ತೀರಾ ಸಣ್ಣದಾಗಿದ್ದರೆ ಹಳದಿ ಕಡೆ ವಾಲಿದ ಇಟ್ಟಿಗೆ ಕೆಂಪು ಬರುತ್ತದೆ, ಕಣ ದಪ್ಪ ಆಗುತ್ತಾ ಹೋದಂತೆ ಕೆಂಪು ನೇರಳೆಯ ಕಡೆ ಸರಿಯುತ್ತದೆ. ವಸ್ತು ಒಂದೇ, ಕಣದ ಗಾತ್ರ ಮಾತ್ರ ಬೇರೆ. ಅಂದರೆ ಬೂದು, ಕೆಂಪು, ನೇರಳೆ ಮೂರೂ ಸಂಡೂರಿನ ಒಂದೇ ಕಲ್ಲಿನೊಳಗೆ ಇವೆ. ನಾನು ಗೋಡೆಗೆ ಬೇಕು ಅಂದುಕೊಂಡ ಬಣ್ಣ ಈ ಊರಿಗೆ ಹೊರಗಿನದಲ್ಲ ಅನ್ನೋ ಧೈರ್ಯ ಅದರಿಂದ ಬಂತು.

ಧೈರ್ಯ ಬೇಕಿತ್ತು ಕೂಡ. ನಮ್ಮ ಕಡೆ ಮನೆ ಅಂದರೆ ಹಳದಿ, ಗಿಳಿಹಸಿರು, ಆಕಾಶನೀಲಿ, ಇಲ್ಲ ಅಂದರೆ ಬಿಳಿ. ಬಣ್ಣ ಹೊಡೆಯಲು ಬಂದ ಮೇಸ್ತ್ರಿಗೆ ಕಾರ್ಡ್ ತೋರಿಸಿ, ಒಣಗಿದ ಉಳ್ಳಾಗಡ್ಡಿಯ ಒಳಸಿಪ್ಪೆ ನೋಡಿದ್ದೀರಲ್ಲ, ಅದಕ್ಕೆ ಚೂರು ಬೂದಿ ಬೆರೆಸಿದರೆ ಹೇಗೋ ಹಾಗೆ ಬೇಕು ಅಂದೆ. ಅವರಿಗೆ ತಕ್ಷಣ ಅರ್ಥ ಆಯಿತು. ಆದರೆ ಒಪ್ಪಿಗೆ ಆಗಲಿಲ್ಲ. "ಮಂಕ್ ಆಗ್ತೈತಿ ಅಕ್ಕಾ, ಒಂದು ಗೋಡಿಗಷ್ಟೇ ಹೊಡದು ಉಳಿದಿದ್ದು ಬಿಳಿ ಬಿಡೋಣ" ಅಂದರು. ಈಗ ಎಲ್ಲರೂ ಹಾಗೇ ಮಾಡಿಸುತ್ತಾರೆ, ಟಿವಿ ಹಿಂದಿನ ಗೋಡೆಗೆ ಮಾತ್ರ ಗಾಢ ಬಣ್ಣ. ನನ್ನ ಅಭಿಪ್ರಾಯದಲ್ಲಿ ಈ ಬಣ್ಣಕ್ಕೆ ಅದು ಹೊಂದೋದಿಲ್ಲ. ಉಳಿದ ಮೂರು ಗೋಡೆ ಬಿಳಿಯಾಗಿದ್ದರೆ ಅವು ಬೆಳಕು ಎರಚುತ್ತಲೇ ಇರುತ್ತವೆ, ಬಿಳಿಯ ಪಕ್ಕ ಈ ಒಂದು ಗೋಡೆ ಕೊಳೆಯಾಗಿ ಕಾಣುತ್ತದೆ. ನಾಲ್ಕೂ ಗೋಡೆಗೆ ಬಂದಾಗಲೇ ಕೋಣೆ ಶಾಂತವಾಗೋದು. ಚಾವಣಿಗೆ ಅದೇ ಬಣ್ಣದ ಸ್ವಲ್ಪ ಪಾಲು ಬೆರೆಸಿದ ಬಿಳಿ ಹಾಕಿಸಿದೆವು, ಬಿಳಿ ಮತ್ತು ಗೋಡೆ ಕೂಡುವ ಗೆರೆ ಕಣ್ಣಿಗೆ ಹೊಡೆಯಬಾರದು ಅಂತ.

ನಾಲ್ಕೂ ಗೋಡೆಗೆ ಹಾಕುವವರು ಒಂದು ಮಾತು ನೆನಪಿಡಬೇಕು. ಕಾರ್ಡಿನಲ್ಲಿ ಕಾಣುವುದಕ್ಕಿಂತ ಗೋಡೆಯಲ್ಲಿ ನೇರಳೆ ಜಾಸ್ತಿ ಆಗುತ್ತದೆ. ಬೆಳಕು ಒಂದು ನೇರಳೆ ಗೋಡೆಯಿಂದ ಇನ್ನೊಂದು ನೇರಳೆ ಗೋಡೆಗೆ ಪುಟಿದಾಗ ಪ್ರತಿ ಸಲವೂ ಇನ್ನಷ್ಟು ಬಣ್ಣ ಹೊತ್ತುಕೊಂಡು ಬರುತ್ತದೆ. ಕಾರ್ಡಿನಲ್ಲಿ ಸರಿಯಾದ ನೇರಳೆ ಅನಿಸಿದ್ದು ಕೋಣೆ ತುಂಬ ಬಂದಾಗ ಮಕ್ಕಳ ಬಳಪದ ಬಣ್ಣ ಆಗಿಬಿಡಬಹುದು. ಅದಕ್ಕೇ ಕಾರ್ಡಿನಲ್ಲಿ ಬರೀ ಬೂದು ಅನಿಸುವುದನ್ನು ಆರಿಸಿಕೊಳ್ಳಿ, ನೇರಳೆ ತಾನಾಗಿ ಬರುತ್ತದೆ. ದೊಡ್ಡ ರಟ್ಟಿನ ಹಾಳೆಗೆ ಎರಡು ಕೋಟ್ ಹೊಡೆದು, ಅದನ್ನು ಬೆಳಿಗ್ಗೆ ಒಂದು ಗೋಡೆಗೆ, ಸಂಜೆ ಇನ್ನೊಂದು ಗೋಡೆಗೆ ಒರಗಿಸಿ ಕೆಲವು ದಿನ ನೋಡಿದರೆ ಸಾಕು.

ಹೊರದೇಶದ ಪುಸ್ತಕಗಳಲ್ಲಿ ಉತ್ತರದ ಕಿಟಕಿಯಿಂದ ಯಾವಾಗಲೂ ತಣ್ಣನೆಯ, ಒಂದೇ ಸಮನಾದ ಬೆಳಕು ಬರುತ್ತದೆ, ಅಲ್ಲಿ ನೇರಳೆ-ಬೂದು ತೀರಾ ಚಳಿಯಾಗಿ ಕಾಣುತ್ತದೆ ಅಂತ ಬರೆದಿರುತ್ತಾರೆ. ಅದು ಅವರ ಊರಿನ ಮಾತು. ಬಳ್ಳಾರಿ ಇರೋದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಶುರುವಿನಿಂದ ಆಗಸ್ಟ್ ಎರಡನೇ ವಾರದ ತನಕ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ, ಜೂನ್ ತಿಂಗಳಲ್ಲಿ ಬೆಳಿಗ್ಗೆ ಸಂಜೆ ಉತ್ತರದ ಕಿಟಕಿಗೂ ನೇರ ಬಿಸಿಲು ಬೀಳುತ್ತದೆ. ನಮ್ಮ ದಿಕ್ಕಿನ ಲೆಕ್ಕ ನಾವೇ ಮಾಡಿಕೊಳ್ಳಬೇಕು.

ದಿನದ ಹೊತ್ತಿಗೆ ತಕ್ಕ ಹಾಗೆ ಈ ಬಣ್ಣ ಬದಲಾಗುವುದನ್ನು ನೋಡುವುದೇ ನನಗೆ ಇಷ್ಟ. ಬೆಳಿಗ್ಗೆ ಬರೀ ಬೂದು. ಮೂರು ಗಂಟೆಗೆ ಬಿಸಿಲಿನ ಪಟ್ಟೆ ಬಿದ್ದ ಕಡೆ ಗುಲಾಬಿ. ಸಂಜೆ ದೀಪ ಹಾಕುವ ಮುಂಚಿನ ಸ್ವಲ್ಪ ಹೊತ್ತು ನೀಲಿಯ ಕಡೆ ವಾಲುತ್ತದೆ. ಈ ಕೊನೆಯದರಲ್ಲಿ ನಮ್ಮ ಕಣ್ಣಿನ ಪಾತ್ರವೂ ಇದೆ. ಬೆಳಕು ಕಡಿಮೆ ಆದಾಗ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಇನ್ನೂ ಹೊತ್ತು ಉಳಿಯುತ್ತದೆ. 19ನೇ ಶತಮಾನದಲ್ಲಿ ಯಾನ್ ಪುರ್ಕಿನ್ಯೆ ಅನ್ನೋ ಚೆಕ್ ವಿಜ್ಞಾನಿ ಇದನ್ನು ಗುರುತಿಸಿದರು, ಅವರ ಹೆಸರಲ್ಲೇ ಇದನ್ನು ಕರೆಯುತ್ತಾರೆ. ಕೆಂಪು ಮತ್ತು ನೀಲಿ ಎರಡೂ ಇರುವ ಬಣ್ಣದಲ್ಲಿ ಈ ಬದಲಾವಣೆ ಚೆನ್ನಾಗಿ ಕಾಣುತ್ತದೆ.

ರಾತ್ರಿ ಮಾತ್ರ ಬಲ್ಬ್ ನೋಡಿ ಹಾಕಬೇಕು. 6500 ಕೆಲ್ವಿನ್ ಅಂತ ಬರೆದ ಬೆಳ್ಳನೆಯ ಟ್ಯೂಬ್ ಹಾಕಿದರೆ ಈ ಗೋಡೆ ನೀಲಿಗಟ್ಟಿ, ಕೂತವರ ಮುಖವೂ ಬೂದಿ ಬಡಿದು ಕಾಣುತ್ತದೆ. 2700ರ ಹಳದಿ ಬಲ್ಬ್ ಹಾಕಿದರೆ ನೇರಳೆ ಪೂರ್ತಿ ಹೋಗಿ ಕಂದು ಆಗುತ್ತದೆ, ಯಾಕೆಂದರೆ ಹಳದಿ ಮತ್ತು ನೇರಳೆ ಒಂದನ್ನೊಂದು ತಿನ್ನುವ ಬಣ್ಣಗಳು. ನಾವು 4000ರದ್ದು ಹಾಕಿದ್ದೇವೆ. ಡಬ್ಬದ ಮೇಲೆ ಸಿಆರ್‌ಐ, ಅಂದರೆ ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನೋ ಅಂಕಿ, 90 ಅಥವಾ ಅದಕ್ಕಿಂತ ಮೇಲೆ ಇದ್ದರೆ ಇನ್ನೂ ಒಳ್ಳೆಯದು.

ನಮ್ಮ ಹೊಸ್ತಿಲು ಹಳದಿ, ಮಧ್ಯೆ ಮಧ್ಯೆ ಕುಂಕುಮದ ಬೊಟ್ಟು. ಗೋಡೆಯ ಬಣ್ಣ ಒಣಗಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಹೊಸ್ತಿಲ ಪಕ್ಕದಲ್ಲಿ, ಒಂದು ಅಡಿ ಜಾಗದಲ್ಲಿ, ಗೋಡೆ ಉಳಿದ ಕಡೆಗಿಂತ ಜಾಸ್ತಿ ನೇರಳೆ. ಡಬ್ಬ ಒಂದೇ, ಕೋಟ್ ಅಷ್ಟೇ. ಕೈಯಿಂದ ಹಳದಿಯನ್ನು ಮರೆ ಮಾಡಿ ನೋಡಿದರೆ ಆ ನೇರಳೆ ಇಳಿಯುತ್ತದೆ, ಕೈ ತೆಗೆದರೆ ಮತ್ತೆ ಬರುತ್ತದೆ. ಪ್ಯಾರಿಸ್‌ನ ಗೊಬೆಲ್ಯಾಂ ನೇಯ್ಗೆ ಕಾರ್ಖಾನೆಯಲ್ಲಿ 1820ರ ದಶಕದಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರಲ್ ಅನ್ನೋ ರಸಾಯನ ವಿಜ್ಞಾನಿಗೆ ಇಂಥದ್ದೇ ತೊಡಕು ಬಂದಿತ್ತು. ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲ ಅಂತ ದೂರು. ಅವರು ಪರೀಕ್ಷೆ ಮಾಡಿ ನೋಡಿದರೆ ನೂಲಿನಲ್ಲಿ ದೋಷವೇ ಇಲ್ಲ, ಪಕ್ಕದಲ್ಲಿ ನೇಯ್ದ ನೀಲಿ ಮತ್ತು ನೇರಳೆ ನೂಲುಗಳಿಂದಾಗಿ ಕಪ್ಪು ಮಂಕಾಗಿ ಕಾಣುತ್ತಿತ್ತು. ಪಕ್ಕದ ಬಣ್ಣ ತನ್ನ ಎದುರು ಬಣ್ಣವನ್ನು ನೆರೆಯವರ ಮೇಲೆ ತಳ್ಳುತ್ತದೆ. ಹಳದಿಯ ಎದುರು ಬಣ್ಣ ನೇರಳೆ. ಹಾಗಾಗಿ ಈ ಗೋಡೆ ನಿಮಗೆ ತೀರಾ ಬೂದಾಯಿತು ಅನಿಸಿದರೆ ಮತ್ತೆ ಪೇಂಟ್ ತರಬೇಕಿಲ್ಲ, ಒಂದು ಹಿತ್ತಾಳೆ ತಂಬಿಗೆಯನ್ನೋ ಚೆಂಡುಹೂವಿನ ಮಾಲೆಯನ್ನೋ ಹತ್ತಿರ ಇಡಿ ಸಾಕು.

ಅಮ್ಮ ಮಾತ್ರ "ಬೂದಿ ಬಣ್ಣ ಯಾಕವ್ವ ಮನಿಗೆ" ಅನ್ನುತ್ತಲೇ ಇದ್ದರು. ಕಣ್ಣಿಗೆ ಚುಚ್ಚುವುದು ನಿಂತಿದೆ ಅಂತ ಒಪ್ಪಿಕೊಂಡರು, ಕುರ್ಚಿಯೂ ಕಿಟಕಿ ಕಡೆ ತಿರುಗಿತು. ಆದರೆ ನಾನು ನೇರಳೆ ಅಂದರೆ ಅವರಿಗೆ ಕಾಣುತ್ತಿರಲಿಲ್ಲ. ಆಮೇಲೆ ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವರು ಪಡಸಾಲೆಯ ಮಧ್ಯ ನಿಂತು, ಒಂದು ಕಣ್ಣು ಮುಚ್ಚಿ ನೋಡಿದರು. ಇನ್ನೊಂದು ಮುಚ್ಚಿ ನೋಡಿದರು. "ಈ ಕಣ್ಣಿಗೆ ಬೂದಿ, ಈ ಕಣ್ಣಿಗೆ ಬದನಿ ಹೂವು" ಅಂದರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ-ನೇರಳೆ ಬೆಳಕನ್ನು ಅದು ಒಳಗೆ ಬಿಡುವುದು ಕಡಿಮೆ. ಹಳೆ ಮಸೂರ ತೆಗೆದು ಹೊಸದು ಹಾಕಿದಾಗ ಆ ಬಣ್ಣಗಳು ಒಮ್ಮೆಲೇ ವಾಪಸ್ ಬರುತ್ತವೆ. ಎರಡೂ ಕಣ್ಣಿನಲ್ಲಿ ಎರಡು ಗೋಡೆ ಕಂಡ ಆ ದಿನಗಳಲ್ಲಿ ಅಮ್ಮ ಮನೆಗೆ ಬಂದವರಿಗೆಲ್ಲ ಗೋಡೆ ತೋರಿಸಿ ಇದನ್ನು ಹೇಳುತ್ತಿದ್ದರು. ಮನೆಯಲ್ಲಿ ವಯಸ್ಸಾದವರಿದ್ದರೆ, ನೀವು ಆರಿಸಿದ ಬಣ್ಣ ಅವರಿಗೆ ಬೇರೆಯೇ ಕಾಣುತ್ತಿರಬಹುದು ಅನ್ನೋದನ್ನು ದಯವಿಟ್ಟು ಗಮನದಲ್ಲಿಡಿ. ಅವರು ಹಟ ಮಾಡುತ್ತಿಲ್ಲ.

ಹಿಂದಿನ ಕೋಣೆ ತಾತನ ಕಾಲದ್ದು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಗಾರೆ. ಅಲ್ಲಿಗೆ ಪಡಸಾಲೆಗೆ ಹೊಡೆದ ಇಮಲ್ಷನ್ ಪೇಂಟ್ ಬೇಡ ಅಂತ ಮೇಸ್ತ್ರಿಯೇ ಹೇಳಿದರು, ಅವರು ಹೇಳಿದ್ದು ಸರಿ. ಹಳೆ ಗೋಡೆ ನೆಲದಿಂದ ನೀರು ಎಳೆದುಕೊಳ್ಳುತ್ತದೆ, ನಮ್ಮ ನೀರಿನಲ್ಲಿ ಉಪ್ಪು ಜಾಸ್ತಿ. ಮೇಲೆ ಇಮಲ್ಷನ್‌ನ ಪೊರೆ ಇದ್ದರೆ ತೇವ ಹೊರಗೆ ಹೋಗಲಾರದೆ ಚೌಳು ಎದ್ದು, ಬಣ್ಣ ಹಪ್ಪಳವಾಗಿ ಏಳುತ್ತದೆ. ಸುಣ್ಣಕ್ಕೆ ಆ ತೊಂದರೆ ಇಲ್ಲ, ಅದು ತೇವವನ್ನು ಹೊರಗೆ ಬಿಡುತ್ತದೆ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಗೋಡೆಯ ಮೇಲೆ ಮತ್ತೆ ಕಲ್ಲಾಗುತ್ತದೆ.

ಆದರೆ ಸುಣ್ಣದಲ್ಲಿ ನೇರಳೆ-ಬೂದು ಹೇಗೆ? ಸುಣ್ಣದ ಖಾರಕ್ಕೆ ಬಹಳ ಬಣ್ಣಗಳು ಸುಟ್ಟುಹೋಗುತ್ತವೆ. ತಡೆದುಕೊಳ್ಳುವ ಎರಡು ಪುಡಿ ನಮ್ಮ ಕೈಗೆ ಸುಲಭವಾಗಿ ಸಿಗುತ್ತವೆ. ಒಂದು ರೆಡ್ ಆಕ್ಸೈಡ್, ನೆಲಕ್ಕೆ ಹಾಕುತ್ತಿದ್ದದ್ದು. ಇನ್ನೊಂದು ಅಲ್ಟ್ರಾಮರೀನ್, ಬಿಳಿ ಸುಣ್ಣ ಇನ್ನಷ್ಟು ಬೆಳ್ಳಗೆ ಕಾಣಲಿ ಅಂತ ಹಿರಿಯರು ಬೆರೆಸುತ್ತಿದ್ದ ಪುಡಿ ನೀಲಿ. ಕಲ್ಲುಸುಣ್ಣವನ್ನು ಡ್ರಮ್ಮಿನಲ್ಲಿ ಅರಳಿಸಿ, ಕುದಿ ಇಳಿದು ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ, ಎರಡೂ ಪುಡಿಗಳನ್ನು ಬೇರೆ ಬೇರೆ ಬಟ್ಟಲಲ್ಲಿ ನೀರಿಗೆ ಕಲಸಿಟ್ಟುಕೊಂಡು, ಮೊದಲು ನೀಲಿ, ಆಮೇಲೆ ಕೆಂಪನ್ನು ಚಮಚ ಚಮಚವಾಗಿ ಹಾಕುತ್ತಾ ಹೋದೆವು. ನೀಲಿ ಬಿದ್ದಾಗ ಬಕೆಟ್ ಆಕಾಶದ ಬಣ್ಣಕ್ಕೆ ಬಂತು. ಕೆಂಪಿನ ಮೊದಲ ಚಮಚಕ್ಕೆ ಮಧ್ಯದಲ್ಲಿ ಕಂದು ಸುಳಿ ಎದ್ದು, ಕೋಲು ತಿರುಗಿಸುತ್ತಿದ್ದ ಹಾಗೆ ಸುಳಿ ಕರಗಿ ನೀಲಿ ಮಂಕಾಯಿತು. ಇನ್ನೊಂದು ಚಮಚಕ್ಕೆ ನೇರಳೆ ಶುರುವಾಯಿತು. ಆಕ್ಸೈಡಿನ ಕೆಂಪು ತಾನೇ ಸ್ವಲ್ಪ ಕಂದಾಗಿರುವುದರಿಂದ ಬೂದು ಬೇರೆ ಹಾಕಬೇಕಾಗಲಿಲ್ಲ. ಬಕೆಟ್‌ನಲ್ಲಿ ಗಾಢವಾಗಿ ಕಂಡರೆ ಹೆದರಬೇಡಿ, ಸುಣ್ಣ ಒಣಗಿದಾಗ ತುಂಬಾ ತಿಳಿಯಾಗುತ್ತದೆ. ಅದಕ್ಕೇ ಪ್ರತಿ ಸಲ ಗೋಡೆಯ ಮೂಲೆಯಲ್ಲಿ ಒಂದು ಗೀಟು ಎಳೆದು, ಒಣಗಿಸಿ ನೋಡಿಯೇ ಮುಂದುವರಿದೆವು. ಪುಡಿ ಜಾಸ್ತಿ ಆದರೆ ಕೈಗೆ, ಬಟ್ಟೆಗೆ ಹತ್ತುತ್ತದೆ. ತೆಳ್ಳಗೆ ಮೂರು ಕೈ ಬಳಿದರೆ ಒಳ್ಳೆಯದು, ಪ್ರತಿ ಕೈಗೂ ಮುಂಚೆ ಗೋಡೆಗೆ ನೀರು ಚಿಮುಕಿಸಬೇಕು. ಕನ್ನಡಕ ಹಾಕಿಕೊಳ್ಳದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ.

ಪಡಸಾಲೆಯ ಇಮಲ್ಷನ್ ಗೋಡೆ ಚೆನ್ನಾಗಿದೆ, ಆದರೆ ನನ್ನ ಮನಸ್ಸು ಈ ಸುಣ್ಣದ ಕೋಣೆಯ ಮೇಲೇ. ಎಲ್ಲೂ ಒಂದೇ ಸಮ ಇಲ್ಲ. ಕುಂಚ ಹೋದ ಕಡೆ ಮೋಡ ಮೋಡ.

ಗೋಡೆ ಸುಮ್ಮನಾದ ಮೇಲೆ ಮನೆಯಲ್ಲಿದ್ದ ಸಾಮಾನುಗಳಿಗೆ ಬೆಲೆ ಬಂತು. ಸಂಡೂರಿನ ಲಂಬಾಣಿ ಕಸೂತಿಯ ಒಂದು ತುಂಡು, ಕನ್ನಡಿ ಚೂರು, ಕವಡೆ ಎಲ್ಲ ಇರುವುದು, ಬಿಳಿ ಗೋಡೆಯ ಮೇಲೆ ಗದ್ದಲವಾಗಿ ಕಾಣುತ್ತಿತ್ತು. ಈಗ ಅದರ ಕೆಂಪು ಮತ್ತು ಕಡುನೀಲಿ ತಮ್ಮ ಜಾಗಕ್ಕೆ ಬಂದು ಕೂತಿವೆ. ಕೊಪ್ಪಳ ಕಡೆಯ ಕಿನ್ನಾಳದ ಗೊಂಬೆಗಳ ಹಸಿರು, ಹಳದಿಯೂ ಹಾಗೇ. ಅಜ್ಜಿ ಹೊಲಿದ ಕೌದಿಯನ್ನು ದಿವಾನದ ಮೇಲೆ ಹಾಸಿದ್ದೇವೆ. ಪರದೆಗೆ ಹೊಳೆಯುವ ಬಿಳಿ ಬೇಡ, ತೊಳೆಯದ ಹತ್ತಿಯ ಬಣ್ಣ ಸಾಕು. ಕಪ್ಪು ಕಡಪ ಕಲ್ಲಿನ ನೆಲಕ್ಕೆ ಈ ಗೋಡೆ ತುಂಬಾ ಹೊಂದುತ್ತದೆ. ಹಳದಿ ಮೆರುಗಿನ ತೇಗದ ಬಾಗಿಲಿದ್ದರೆ ಮಾತ್ರ ಮೆರುಗು ಕಡಿಮೆ ಮಾಡಿಸಿ, ಇಲ್ಲದಿದ್ದರೆ ಎರಡೂ ಒಂದಕ್ಕೊಂದು ಕೂಗಾಡುತ್ತವೆ.

ಇಡೀ ಮನೆಗೆ ಇದೇ ಬೇಡ. ಅಡುಗೆಮನೆಯಲ್ಲಿ ನಾನು ಹಾಕಿಸಲಿಲ್ಲ, ಗೋಡೆಯಿಂದ ಬರುವ ನೇರಳೆ ಬೆಳಕಿನಲ್ಲಿ ಬೇಳೆ, ಅರಿಶಿನದ ಹಳದಿ ಸತ್ತುಹೋಗುತ್ತದೆ, ಊಟ ರುಚಿಯಾಗಿ ಕಾಣೋದಿಲ್ಲ. ಹೊರಗೋಡೆಗಂತೂ ಬೇಡವೇ ಬೇಡ. ಹೊರಗೆ ಗಾಢ ಬಣ್ಣ ಬಿಸಿಲು ಕುಡಿದು ಗೋಡೆ ಕಾಯಿಸುತ್ತದೆ, ಬಿಳಿ ಇರಬೇಕಾದದ್ದು ಅಲ್ಲಿ, ಮತ್ತು ಮಾಳಿಗೆಯ ಮೇಲೆ. ಒಳಗೋಡೆಯ ಬಣ್ಣದಿಂದ ಮನೆ ಕಾಯುತ್ತದಾ ಅಂತ ಹಲವರು ಕೇಳಿದರು. ಬಿಸಿ ಬರೋದು ಮುಖ್ಯವಾಗಿ ಮಾಳಿಗೆಯಿಂದ, ಪಶ್ಚಿಮದ ಗೋಡೆಯಿಂದ, ಕಿಟಕಿಯಿಂದ. ಒಳಗಿನ ಬಣ್ಣ ಬದಲಾದರೆ ಅದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗೋದಿಲ್ಲ. ಯುಗಾದಿಗೆ ಮುಂಚೆ ಮಾಳಿಗೆಗೆ ಬಿಳಿ ಸುಣ್ಣ ಬಳಿಸಿ, ಒಳಗೆ ನಿಮಗೆ ಬೇಕಾದ ಬಣ್ಣ ಹಾಕಿಕೊಳ್ಳಿ.

ಒಂದು ಕೊನೆಯ ಕೆಲಸ. ಅಂಗಡಿಯ ಯಂತ್ರದಲ್ಲಿ ಬಣ್ಣ ಬೆರೆಸುವಾಗ ಡಬ್ಬದ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸುತ್ತಾರೆ, ಬಿಳಿ ಬೇಸ್‌ಗೆ ಯಾವ ಬಣ್ಣ ಎಷ್ಟು ಬಿತ್ತು ಅಂತ. ನಮ್ಮದರಲ್ಲಿ ಕಪ್ಪು, ಆಕ್ಸೈಡ್ ಕೆಂಪು, ವಯೊಲೆಟ್ ಮೂರೂ ಇವೆ. ಆ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ, ಉಳಿದ ಬಣ್ಣವನ್ನು ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ ನೆರಳಲ್ಲಿಡಿ. ನೇರಳೆ-ಬೂದುಗಳಲ್ಲಿ ಒಂದು ಹನಿ ಹೆಚ್ಚುಕಮ್ಮಿ ಆದರೂ ತೇಪೆ ಎದ್ದು ಕಾಣುತ್ತದೆ, ಮೊಳೆ ಕಿತ್ತ ತೂತು ಮುಚ್ಚುವಾಗ ಅದೇ ಬಾಟಲಿಯ ಬಣ್ಣವೇ ಬೇಕು.